ಜುಲೈ ತಿಂಗಳ ಕ್ರಿಸ್‌ಮಸ್ ಸಂತೆಯೂ ನನ್ನ ಮೂಗೂ

ಕ್ರಿಸ್‌ಮಸ್ ಬರುವುದು ಡಿಸೆಂಬರಿನಲ್ಲಿ. ಆದರೆ ಸಿಡ್ನಿಯಲ್ಲಿ ಡಿಸೆಂಬರ್ ಎಂದರೆ ತಲೆ ಸಿಡಿಯುವ ಬಿಸಿಲು. ಚಳಿಯಿಲ್ಲದೆ ಅದೆಂಥ ಕ್ರಿಸ್‌ಮಸ್ ಎಂದು ಕೊರಗುವವರಿಗಾಗಿ ಇಲ್ಲಿ ಜುಲೈ ತಿಂಗಳಲ್ಲಿ, ನಡುಚಳಿಗಾಲದಲ್ಲಿ, ಇನ್ನೊಂದು ಕ್ರಿಸ್‌ಮಸ್ ಸಂತೆ ನಡೆಸುತ್ತಾರೆ. ಯುರೋಪಿನ ಊರುಗಳಲ್ಲಿ ನಡೆಯುವಂಥದ್ದೇ, ಅಪ್ಪಟ ಸಾಂಪ್ರದಾಯಿಕ ಸಂತೆ ಎಂದು ಜಾಹೀರಾತಿನಲ್ಲಿ ಹಾಕಿದ್ದರು. ಯಾರಾದರೂ ತಮ್ಮದು ಅಪ್ಪಟ ಎಂದು ತಾವೇ ಹೇಳಿಕೊಂಡರೆ ನನ್ನ ಕಿವಿ ನೆಟ್ಟಗಾಗುತ್ತದೆ.

ಅನುಮಾನ ನನ್ನ ಹುಟ್ಟುಗುಣ. ಮದುವೆಯಾಗಿ ಮೈಸೂರಿನಿಂದ ಇಲ್ಲಿಗೆ ಬಂದ ಮೇಲೆ ಅದಕ್ಕೆ ಗೊಬ್ಬರ ಹಾಕಿದಂತಾಯಿತು. ನಮ್ಮದು ಮೊಟ್ಟೆಯನ್ನೂ ಮುಟ್ಟದ ಮನೆ. ಇಲ್ಲಿ ಒಂದು ಬಿಸ್ಕತ್ ಪೊಟ್ಟಣ ಕೊಳ್ಳಬೇಕಾದರೂ ಹಿಂದೆ ತಿರುಗಿಸಿ ಸಣ್ಣ ಅಕ್ಷರದಲ್ಲಿರುವ ಬೆರಕೆಗಳ ನಂಬರು ಓದಬೇಕು. ೪೪೧ ಎಂದಿದ್ದರೆ ಜೆಲಟಿನ್, ದನದ್ದೋ ಹಂದಿಯದ್ದೋ ಮೂಳೆ ಬೇಯಿಸಿ ತೆಗೆದದ್ದು. ೧೨೦ ಎಂದಿದ್ದರೆ ಹುಳು ಅರೆದು ತೆಗೆದ ಕೆಂಪು ಬಣ್ಣ. ೪೭೧ ಇದೆಯಲ್ಲ, ಅದು ಮಹಾ ಕಳ್ಳ. ಅದರೊಳಗಿನ ಕೊಬ್ಬು ಗಿಡದ್ದೂ ಇರಬಹುದು, ಪ್ರಾಣಿಯದ್ದೂ ಇರಬಹುದು. ಪೊಟ್ಟಣ ಮಾತ್ರ ಬಾಯಿ ಬಿಡುವುದಿಲ್ಲ. ನಾವು ವೆಸ್ಟ್‌ಮೀಡ್ ಬಡಾವಣೆಯ ಬಾಡಿಗೆ ಫ್ಲ್ಯಾಟಿನಲ್ಲಿದ್ದಾಗ ಪಕ್ಕದ ಮನೆಯ ಆಂಟಿಯೊಬ್ಬರು ಈ ನಂಬರುಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಈಗ ಸ್ಕೋಫೀಲ್ಡ್ಸ್‌ನಲ್ಲಿ ಸ್ವಂತ ಮನೆಯಾಗಿದೆ, ಚೀಟಿ ಇನ್ನೂ ನನ್ನ ಪರ್ಸಿನಲ್ಲೇ ಇದೆ.

ಒಬ್ಬಳೇ ಮಗಳು, ಹುಟ್ಟಿ ಬೆಳೆದದ್ದು ಇಲ್ಲಿಯೇ. ಚಿಕ್ಕವಳಿದ್ದಾಗ ಬರ್ತ್‌ಡೇ ಪಾರ್ಟಿಗಳಿಂದ ಬಂದರೆ, ಶೂ ಬಿಚ್ಚುವ ಮೊದಲೇ ಬಾಗಿಲಲ್ಲಿ ನಿಲ್ಲಿಸಿಕೊಂಡು, "ಎಲ್ಲಿ, ಬಾಯಿ ತೆಗಿ. ಹಾ ಅನ್ನು" ಎನ್ನುತ್ತಿದ್ದೆ. ಅವಳು ಹಾ ಅನ್ನುತ್ತಿದ್ದಳು. ನಾನು ಮೂಸುತ್ತಿದ್ದೆ. ಚಿಪ್ಸು, ನಿಂಬೆ ಸೋಡಾ, ಒಮ್ಮೊಮ್ಮೆ ಪೆಪ್ಪರ್‌ಮಿಂಟು. "ಜಾಣೆ" ಎಂದು ತಲೆ ಸವರಿ ಒಳಗೆ ಬಿಡುತ್ತಿದ್ದೆ. ಇದರಲ್ಲಿ ತಪ್ಪೇನಿದೆ ಎಂದು ನನಗೆ ಹೊಳೆದೇ ಇರಲಿಲ್ಲ. ರೌಸ್ ಹಿಲ್‌ನ ಇಬ್ಬರು ಗೆಳತಿಯರು ನನ್ನನ್ನು ನೋಡಿ ತಮ್ಮ ಮನೆಯಲ್ಲೂ ಇದನ್ನು ಶುರುಮಾಡಿದರು ಎಂದು ಹೆಮ್ಮೆಯೇ ಇತ್ತು.

ಹೋದ ವರ್ಷ ಅವಳು ಹನ್ನೆರಡನೇ ತರಗತಿಯಲ್ಲಿದ್ದಳು. ಮುಂದಿನ ಓದಿಗೆ ಮೆಲ್ಬರ್ನ್‌ಗೇ ಹೋಗುತ್ತೇನೆ, ಅಲ್ಲೇ ರೂಮು ಮಾಡಿಕೊಂಡು ಇರುತ್ತೇನೆ ಎಂದು ಹಟ ಹಿಡಿದಳು. "ಹೋಗ್ಲಿ ಬಿಡೇ" ಎಂದರು ನನ್ನ ಗಂಡ. ಅವರು ಮಳೆ ಬಂದರೂ ಹೋಗ್ಲಿ ಬಿಡೇ, ಮನೆ ಸೋರಿದರೂ ಹೋಗ್ಲಿ ಬಿಡೇ. ಹಾಗಾಗಿ ತೀರ್ಮಾನ ನನ್ನ ತಲೆಗೇ ಬಂತು. ಜುಲೈ ರಜೆಯಲ್ಲಿ ನಾವಿಬ್ಬರೂ ಹೋಗಿ ಊರು ನೋಡಿ ಬರೋಣ, ಆಮೇಲೆ ಹೇಳುತ್ತೇನೆ ಎಂದೆ. ಊರು ನೋಡುವುದು ನೆಪ. ನನ್ನ ಕಣ್ಣಿನಿಂದ ಆಚೆ ಹೋದರೆ ಇವಳು ಏನು ತಿನ್ನುತ್ತಾಳೆ, ಯಾರ ಜೊತೆ ಓಡಾಡುತ್ತಾಳೆ, ನನಗೆ ಏನೇನು ಮುಚ್ಚಿಡುತ್ತಾಳೆ ಎಂಬ ಭಯ ನನಗಿತ್ತು. ಇವಳನ್ನು ನಂಬಬಹುದೇ ಇಲ್ಲವೇ ಎಂಬುದು ಆ ರಜೆಯೊಳಗೆ ನನಗೆ ತಿಳಿಯಬೇಕಿತ್ತು.

ಮೆಲ್ಬರ್ನ್‌ಗೆ ಹೊರಡುವ ಹಿಂದಿನ ವಾರ ಮಗಳೇ ಸಿಡ್ನಿಯ ಆ ಸಂತೆಗೆ ಕರೆದುಕೊಂಡು ಹೋದಳು. ಮರದ ಪುಟ್ಟ ಪುಟ್ಟ ಗುಡಿಸಲಂಗಡಿಗಳು, ಬಣ್ಣದ ದೀಪಗಳು. ಕಂಬದ ಮೇಲಿನ ಒಂದು ಮೆಷಿನ್ನಿನಿಂದ ಹಿಮ ಬೀಳುತ್ತಿತ್ತು. ಕೈಗೆ ಬಿದ್ದದ್ದನ್ನು ಮೂಸಿದೆ, ಪಾತ್ರೆ ತೊಳೆಯುವ ಸೋಪಿನ ನೊರೆ. ಒಂದು ಮರದ ಸಿಪಾಯಿ ಗೊಂಬೆಯನ್ನು ಬುಡ ಮೇಲು ಮಾಡಿ ನೋಡಿದೆ, ಎಲ್ಲಿ ತಯಾರಾಯಿತೆಂದು ಬರೆದ ಚೀಟಿಯನ್ನು ಯಾರೋ ಉಗುರಿನಿಂದ ಕೆರೆದು ತೆಗೆದಿದ್ದರು. ಜಿಂಜರ್‌ಬ್ರೆಡ್ ಎಂಬ ಶುಂಠಿ ಬಿಸ್ಕತ್ತಿನ ಅಂಗಡಿಯವಳನ್ನು ಮೊಟ್ಟೆ ಇದೆಯಾ ಎಂದು ಕೇಳಿದೆ, ಇದೆ ಎಂದಳು. ಅರ್ಧ ಗಾಲಿಯಷ್ಟು ದೊಡ್ಡ ಚೀಸನ್ನು ಬೆಂಕಿಗೆ ಹಿಡಿದು ಕರಗಿಸಿ ಆಲೂಗಡ್ಡೆಯ ಮೇಲೆ ಕೆರೆದು ಹಾಕುತ್ತಿದ್ದರು. ಬಾಯಲ್ಲಿ ನೀರೂರಿತು ನಿಜ, ಆದರೆ ಕೆಲವು ಚೀಸಿಗೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕುತ್ತಾರೆಂದು ಕೇಳಿದ್ದೆ. ಅದನ್ನು ಮಾಡುವ ಹುಡುಗಿಯನ್ನು ಕೇಳಿದರೆ ಅವಳಿಗೆ ಗೊತ್ತೇ ಇಲ್ಲ. ಕೊನೆಗೆ ಕಾರಿನಲ್ಲಿ ಇಟ್ಟಿದ್ದ ಚಕ್ಕುಲಿಯೇ ನನಗೆ ಗತಿಯಾಯಿತು.

"ಅಮ್ಮ, ಟಾಯ್ಲೆಟ್. ಬ್ಯಾಕ್ ಇನ್ ಫೈವ್" ಎಂದು ಹೋದ ಮಗಳು ಬಂದದ್ದು ಇಪ್ಪತ್ತು ನಿಮಿಷಕ್ಕೆ.

"ಯಾಕಿಷ್ಟು ಹೊತ್ತು?" ಎಂದೆ.

"ಕ್ಯೂ ಇತ್ತು."

ಅವಳು ಕನ್ನಡದಲ್ಲಿ ಉತ್ತರ ಕೊಟ್ಟಳು. ಅದೇ ಮೊದಲನೆಯ ಅನುಮಾನ; ನನ್ನನ್ನು ಒಲಿಸಿಕೊಳ್ಳಬೇಕಾದಾಗ ಮಾತ್ರ ಅವಳಿಗೆ ಕನ್ನಡ ನೆನಪಾಗುತ್ತದೆ. ಮನೆಗೆ ಬಂದ ಮೇಲೆ ಅವಳ ಜಾಕೆಟ್ ತೊಳೆಯಲು ಹಾಕುವಾಗ ತೋಳಿನ ಮೇಲೆ ಹಳದಿ ಕಲೆ ಕಂಡಿತು. ಮೂಸಿದೆ. ಸಾಸಿವೆ. ಆ ಸಂತೆಯಲ್ಲಿ ಸಾಸಿವೆ ಗೊಜ್ಜು ಹಾಕಿಕೊಡುತ್ತಿದ್ದದ್ದು ಮಾಂಸದ ಸಾಸೇಜ್ ಅಂಗಡಿಯಲ್ಲಿ ಮಾತ್ರ. ಆದರೂ ಕೇಳಲಿಲ್ಲ. ಕೇಳಿದರೆ ಎಚ್ಚರವಾಗುತ್ತಾಳೆ, ತಿನ್ನುವಾಗಲೇ ಹಿಡಿಯಬೇಕು ಎಂದು ಹಲ್ಲು ಕಚ್ಚಿಕೊಂಡು ಸುಮ್ಮನಿದ್ದೆ. ಆ ಕಲೆಯನ್ನು ಉಜ್ಜಿ ತೆಗೆದವಳೂ ನಾನೇ.

ಮೆಲ್ಬರ್ನ್‌ನಲ್ಲಿ ಕಾಲೇಜು ನೋಡಿದೆವು, ಹಾಸ್ಟೆಲಿನ ಅಡುಗೆಮನೆ ನೋಡಿದೆವು. ಅಲ್ಲಿನ ಫ್ರಿಜ್ಜನ್ನು ನಾನು ತೆಗೆದು ನೋಡಿದಾಗ ಮಗಳು ಗೋಡೆಯ ಕಡೆ ತಿರುಗಿ ನಿಂತಿದ್ದಳು. ಸಂಜೆ ಊರಿನಲ್ಲಿ ಅಂಥದ್ದೇ ಇನ್ನೊಂದು ಕ್ರಿಸ್‌ಮಸ್ ಸಂತೆ ಇದೆಯೆಂದು ಗೊತ್ತಾಯಿತು. ಈ ಸಲ ಹೋಗೋಣ ಎಂದವಳು ನಾನು. ಮಗಳು ನನ್ನನ್ನು ವಿಚಿತ್ರವಾಗಿ ನೋಡಿದಳು.

ಅಲ್ಲಿ ಚಳಿ ಮಾತ್ರ ಅಪ್ಪಟವಾಗಿತ್ತು, ಕಿವಿ ಕತ್ತರಿಸುವ ಹಾಗೆ. ಮಿಕ್ಕಿದ್ದೆಲ್ಲ ಸಿಡ್ನಿಯಲ್ಲಿ ಕಂಡದ್ದೇ. ನಾನು ಸುಟ್ಟ ಚೆಸ್ಟ್‌ನಟ್ ಕಾಯಿ ಮಾರುವ ಅಂಗಡಿಯ ಮುಂದೆ ಕೈಚೀಲ ಸರಿಮಾಡಿಕೊಳ್ಳುತ್ತ, "ನಾನು ಚೆಸ್ಟ್‌ನಟ್ ಕ್ಯೂನಲ್ಲಿ ನಿಂತಿರ್ತೀನಿ, ನೀನು ಒಂದು ರೌಂಡ್ ಹಾಕ್ಕೊಂಡು ಬಾ" ಎಂದೆ. ಅವಳು ತಿರುಗಿದ ಕೂಡಲೇ ಕ್ಯೂ ಬಿಟ್ಟು ಹಿಂದೆ ಹೊರಟೆ. ಮಸಾಲೆ ಹಾಕಿದ ಬಿಸಿ ವೈನ್ ಹಿಡಿದು ನಿಂತವರ ನಡುವೆ ನುಗ್ಗಿದೆ, ಒಬ್ಬರ ಲೋಟ ತುಳುಕಿತು, ಸಾರಿ ಎಂದೆ. ಅಷ್ಟರಲ್ಲಿ ಅವಳು ಕಣ್ಮರೆಯಾಗಿದ್ದಳು. ಸಾಸೇಜ್ ಅಂಗಡಿಯ ಸುತ್ತ ಎರಡು ಸಲ ಸುತ್ತಿದೆ. ಹೊಗೆಗೆ ಕಣ್ಣು ಉರಿಯಿತು. ನನ್ನ ವಯಸ್ಸಿಗೆ ಇದು ಬೇಕಿತ್ತಾ ಎಂದು ಅನ್ನಿಸಿತು, ಆದರೆ ಕಾಲು ನಿಲ್ಲಲಿಲ್ಲ.

ಅವಳು ಎದುರಿನಿಂದಲೇ ಬಂದಳು. ಬರಿಗೈ. ನನ್ನನ್ನು ನೋಡಿ ನಿಂತಳು. ನಾನು ಮಣಿಕಟ್ಟು ಹಿಡಿದೆ.

"ಬಾಯಿ ತೆಗಿ. ಹಾ ಅನ್ನು."

"ಅಮ್ಮ, ಸೀರಿಯಸ್ಲಿ? ಹಿಯರ್?"

"ಹಾ ಅನ್ನು ಅಂದೆ."

ಅವಳು ಈಗ ನನಗಿಂತ ಎತ್ತರ. ನನ್ನ ಮೂಗಿನ ಮಟ್ಟಕ್ಕೆ ಬರಲು ಮೊಣಕಾಲು ಸ್ವಲ್ಪ ಬಗ್ಗಿಸಿ, ಅಷ್ಟು ಜನರ ನಡುವೆ, ಹದಿನೇಳು ವರ್ಷದ ಹುಡುಗಿ ಬಾಯಿ ತೆಗೆದು ಹಾ ಎಂದಳು. ಪಕ್ಕದಲ್ಲಿದ್ದ ಒಬ್ಬ ಮುದುಕಿ ನೋಡಿ, ನೋಡಬಾರದಿತ್ತು ಎನ್ನುವಂತೆ ಮುಖ ತಿರುಗಿಸಿಕೊಂಡಳು. ನಾನು ಮೂಸಿದೆ. ಬರೀ ಪೆಪ್ಪರ್‌ಮಿಂಟು. ಹೋದ ಜೀವ ಬಂದಂತಾಯಿತು. ಸುಮ್ಮನೆ ಮಗುವನ್ನು ಅನುಮಾನಿಸಿದೆನಲ್ಲ ಎಂದು ಅವಳ ಕೈ ಸವರಿದೆ.

ಅವಳು ಕೈ ಬಿಡಿಸಿಕೊಂಡಳು.

"ತಿಂದೆ ಅಮ್ಮ. ಈಗಷ್ಟೇ ತಿಂದೆ. ಸಿಡ್ನಿಯಲ್ಲೂ ತಿಂದೆ. ಇಯರ್ ಫೈವ್‌ನಿಂದ ತಿಂತಿದೀನಿ. ಮಿಂಟ್ ಹಾಕ್ಕೊಂಡ್ರೆ ನಿಂಗೆ ಗೊತ್ತಾಗಲ್ಲ. ನೆವರ್."



"ಮತ್ತೆ ಯಾಕೆ ಹೇಳ್ತಿದೀಯ ಈಗ?" ಎಂದೆ.

"ಇಲ್ಲಿಗೆ ಬಂದ್ಮೇಲೂ ಮಿಂಟ್ ತಿನ್ನೋಕೆ ಇಷ್ಟ ಇಲ್ಲ ನಂಗೆ. ನೀನು ಒಂದು ಸಲಾನೂ ನನ್ನ ಕೇಳ್ಲಿಲ್ಲ. ಯು ಜಸ್ಟ್ ಸ್ಮೆಲ್."

ಮೊದಲು ಬಂದದ್ದು ಕೋಪ. ಅವಳು ತಿಂದದ್ದಕ್ಕಿಂತ, ಏಳು ವರ್ಷ ಅದೇ ಬಾಗಿಲಲ್ಲಿ ನಿಂತು ನನ್ನನ್ನು ಏಮಾರಿಸಿದಳಲ್ಲ ಎಂಬುದಕ್ಕೆ. ಟ್ರಾಮಿನಲ್ಲಿ ಕೂತ ಮೇಲೆ ಆ ಕೋಪ ಇಳಿಯುತ್ತ ಬಂದು ನಾಚಿಕೆ ಉಳಿಯಿತು. ಹತ್ತು ವರ್ಷದ ಹುಡುಗಿ ಸ್ಕೂಲ್ ಬ್ಯಾಗಿನಲ್ಲಿ ಮಿಂಟ್ ಡಬ್ಬಿ ಇಟ್ಟುಕೊಂಡು, ಮನೆಯ ಬಾಗಿಲು ಬರುವ ಮೊದಲು ಒಂದನ್ನು ಬಾಯಿಗೆ ಹಾಕಿಕೊಳ್ಳುವುದು ನನ್ನ ಕಣ್ಣೆದುರು ಬಂತು. ನಾನು ಅವಳಿಗೆ ಸಸ್ಯಾಹಾರ ಕಲಿಸುತ್ತಿದ್ದೇನೆ ಎಂದುಕೊಂಡಿದ್ದೆ. ಅವಳು ಕಲಿತದ್ದು ಮುಚ್ಚಿಡುವುದನ್ನು. ಅಳು ಬಂತು, ಕಿಟಕಿಯ ಕಡೆ ತಿರುಗಿದೆ.

ಎರಡು ಸ್ಟಾಪ್ ಆದ ಮೇಲೆ ಹೇಳಿದೆ, "ಮೆಲ್ಬರ್ನ್‌ಗೇ ಸೇರ್ಕೋ. ನಂಗೊಪ್ಪಿಗೆ."

ಅವಳು ಕುಣಿದಾಡುತ್ತಾಳೆ, ಕತ್ತು ತಬ್ಬಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅವಳು ಕಣ್ಣು ಕಿರಿದು ಮಾಡಿ ನನ್ನ ಮುಖವನ್ನೇ ನೋಡಿದಳು.

"ಏನು ಕಂಡೀಶನ್?"

"ಏನೂ ಇಲ್ಲ."

"ನೋ, ರಿಯಲಿ. ಏನಮ್ಮ?"

ಏನೂ ಇಲ್ಲ ಎಂದು ಮೂರು ಸಲ ಹೇಳಿದೆ. ಅವಳು ನಂಬಲಿಲ್ಲ. ಹೋಟೆಲ್ ತಲುಪುವವರೆಗೂ ನಾನು ಯಾವುದಾದರೂ ಶರತ್ತು ಹಾಕುತ್ತೇನೆ ಎಂದು ಕಾಯುತ್ತಲೇ ಇದ್ದಳು.

ಈಗ ಅವಳು ಅಲ್ಲೇ ಓದುತ್ತಿದ್ದಾಳೆ. ವಾರಕ್ಕೆ ಎರಡು ಮೂರು ಸಲ ಫೋನ್ ಮಾಡುತ್ತೇನೆ. ಏನು ತಿಂದೆ ಎಂದು ಒಂದು ದಿನವೂ ಕೇಳಿಲ್ಲ, ದೇವರಾಣೆ. ಹೋದ ಭಾನುವಾರ ಮಾತಿನ ನಡುವೆ, ಕನ್ನಡದವರು ಯಾರು ಯಾರನ್ನು ಬೇಕಾದರೂ ಕೇಳುವಂತೆ, "ಊಟ ಆಯ್ತಾ?" ಎಂದೆ.

ಅವಳು ಮೆಲ್ಲಗೆ ಕೇಳಿದಳು:

"ಯಾಕೆ ಕೇಳ್ತಿದೀಯ?"