ಆರು ಅಂಗಳದ ಕೊಲ್ಲಾಪುರಮ್ಮ

ಬೆಳಗಿನ ಐದೂವರೆ. ದಬ್ಬೇಘಟ್ಟದ ಮೊದಲ ಬಸ್ಸು ಇನ್ನೂ ಹೊರಟಿಲ್ಲ. ಕೊಲ್ಲಾಪುರಮ್ಮ ಸಗಣಿ ನೀರಿನ ಬಕೆಟ್ಟು ಹಿಡಿದು ಪಕ್ಕದ ಮನೆಯ ಅಂಗಳಕ್ಕೆ ಇಳಿದಿದ್ದಾರೆ. ಮನೆಗೆ ಬೀಗ. ಅಂಗಳ ಗುಡಿಸಿ, ನೀರು ಚಿಮುಕಿಸಿ, ಬಗ್ಗಿ ನಾಲ್ಕೆಳೆ ರಂಗೋಲಿ ಎಳೆಯುತ್ತಾರೆ. ಮುಂದಿನ ಮನೆಗೂ ಬೀಗ, ಅಲ್ಲಿಯೂ ಅಷ್ಟೇ. ಹೀಗೆ ಆರು ಮನೆ ಮುಗಿಸಿ ಕೊನೆಗೆ ತಮ್ಮ ಬಾಗಿಲಿಗೆ ಬರುವಷ್ಟರಲ್ಲಿ ತೆಂಗಿನ ಗರಿಗಳ ಸಂದಿಯಲ್ಲಿ ಬೆಳಕು ಹರಿದಿರುತ್ತದೆ.

ಈ ಕೆಲಸಕ್ಕೆ ಅವರಿಗೆ ಯಾರೂ ಕೂಲಿ ಕೊಡುವುದಿಲ್ಲ. ಕೂಲಿ ಸಿಗುವ ಕೆಲಸ ಎಂಟು ಗಂಟೆಗೆ ಶುರು. ಕರಿಬಸವಯ್ಯನವರ ತೋಟದ ಮನೆಯಲ್ಲಿ, ಅಟ್ಟದ ಮೇಲೆ ವರ್ಷವಿಡೀ ಒಣಗಿದ ಕಾಯಿಯ ಕರಟ ಒಡೆದು ಕೊಬ್ಬರಿ ಬಿಡಿಸಬೇಕು. ಉಂಡೆ ಕೊಬ್ಬರಿಗೆ ಗಾಯವಾದರೆ ಬೆಲೆ ಬಿತ್ತು. ಕೊಲ್ಲಾಪುರಮ್ಮ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಕೊಬ್ಬರಿ ಕರಟದಿಂದ ಬಿಟ್ಟುಕೊಂಡಿದೆಯೋ ಇಲ್ಲವೋ ನೋಡಿ, ಆಮೇಲೇ ಮಚ್ಚಿನ ಹಿಂಬದಿಯಿಂದ ಒಂದೇಟು ಹಾಕುತ್ತಾರೆ. ದಿನಕ್ಕೆ ಐನೂರು ಕಾಯಿ, ಕೈ ಹತ್ತಿದ ದಿನ ಆರುನೂರು. "ನೂರಕ್ಕೆ ಒಂದು ಕೊಬ್ಬರಿ ಒಡೆದ್ರೆ ಹೆಚ್ಚು ಕಣಪ್ಪ," ಎಂದು ನನಗೆ ಹೇಳುತ್ತಾರೆ.

ತುರುವೇಕೆರೆ ತಾಲ್ಲೂಕಿನ ಈ ಏಳು ಮನೆಗಳ ಸಾಲನ್ನು ಸುತ್ತಲಿನವರು 'ಇದ್ದಲು ಸಾಲು' ಎನ್ನುತ್ತಾರೆ. ಮೂವತ್ತು ವರ್ಷ ಹಿಂದೆ ತೆಂಗಿನ ಕರಟ ಸುಟ್ಟು ಇದ್ದಲು ಮಾಡುವ ಗುಂಡಿಗಳ ಕೆಲಸಕ್ಕೆ ಬಂದ ಅಣ್ಣತಮ್ಮಂದಿರ ಮನೆಗಳು ಇವು. ಎಲ್ಲರೂ ಒಂದೇ ಬೇರಿನವರು, ದಾಯಾದಿಗಳು. ಸರ್ಕಾರಿ ಜಾಗದಲ್ಲಿ ಗೋಡೆ ಎಬ್ಬಿಸಿ, ಹೆಂಚು ಹೊದಿಸಿ, ಮಕ್ಕಳ ಮದುವೆ ಮಾಡಿದರು. ಕೊಲ್ಲಾಪುರಮ್ಮ ಈ ಸಾಲಿನ ಕಿರಿಯ ಸೊಸೆಯಾಗಿ ಬಂದವರು. ಗಂಡ ತೀರಿಕೊಂಡು ಹದಿನಾಲ್ಕು ವರ್ಷ, ಮಕ್ಕಳಿಲ್ಲ. ಈಗ ಅವರಿಗೆ ಐವತ್ತೆರಡು.

ನಾಲ್ಕು ವರ್ಷ ಹಿಂದೆ ಹೊಗೆಯ ಮೇಲೆ ದೂರು ಹೋಯಿತು. ಸುಳ್ಳು ದೂರೇನೂ ಅಲ್ಲ. ಗುಂಡಿ ಉರಿಯುವಾಗ ಶಾಲೆಯ ಮಕ್ಕಳು ಕೆಮ್ಮುತ್ತಿದ್ದರು, ತೋಟದ ಗರಿಯ ಮೇಲೆ ಮಸಿ ಕೂರುತ್ತಿತ್ತು. ಅಧಿಕಾರಿಗಳು ಬಂದರು, ಒಂದೇ ವಾರದಲ್ಲಿ ಗುಂಡಿ ಮುಚ್ಚಿಸಿದರು. ಸರಿಯೇ. ಆದರೆ ಗುಂಡಿಯನ್ನೇ ನಂಬಿದ್ದವರು ಎಲ್ಲಿಗೆ ಹೋಗಬೇಕು ಎಂದು ಆ ಆದೇಶದ ಯಾವ ಪುಟದಲ್ಲೂ ಬರೆದಿರಲಿಲ್ಲ. ಆರು ಸಂಸಾರಗಳು ತಮಿಳುನಾಡಿನ ಕಾಂಗೇಯಂ ಕಡೆಗೆ, ಕೊಬ್ಬರಿ ಕೆಲಸಕ್ಕೆ ಹೊರಟವು. ಹೊಗೆ ಕುಡಿದು ಎದೆ ಹಾಳಾಗಿದ್ದ ಕೊಲ್ಲಾಪುರಮ್ಮನನ್ನು ಬೀಗದ ಕೈ ಕೊಟ್ಟು ಇಲ್ಲೇ ಬಿಟ್ಟವು.

"ಹೋಗೋ ದಿನ ನಮ್ಮ ಭಾವ ಕೆಂಚಯ್ಯ ಆರೂ ಬೀಗದ ಕೈ ನನ್ನ ಸೆರಗಿಗೆ ಕಟ್ಟಿದ. ಮನೆ ಪಾಳು ಬೀಳಕ್ಕೆ ಬುಡಬ್ಯಾಡ ಕಣವ್ವ, ಹಬ್ಬಕ್ಕೆ ಬತ್ತೀವಿ ಅಂದ. ಲಾರಿ ಹೋದ್ಮೇಲೆ ನೋಡ್ತೀನಿ, ಒಂದು ನಾಯಿನೂ ಇಲ್ಲ. ಅವೂ ಅವ್ರ ಹಿಂದೇ ಓಡಿದ್ವು."

ಅವರು ಹಬ್ಬಕ್ಕೆ ಬರುತ್ತಾರೆ ನಿಜ. ಓಟಿಗೂ ಬರುತ್ತಾರೆ. ಚುನಾವಣೆ ಬಂದರೆ ಸಾಕು, ಅಷ್ಟು ದೂರಕ್ಕೆ ಬಸ್ಸು ಕಳಿಸಿ ಕರೆತರುವ ಪುಣ್ಯಾತ್ಮರಿದ್ದಾರೆ! ಓಟಿನ ಪಟ್ಟಿಯಲ್ಲಿ ಊರಿನವರು, ಮನೆಯ ಪಟ್ಟಿಗೆ ಬಂದರೆ ಮಾತ್ರ ಪರಸ್ಥಳದವರು.

ಆ ಮನೆಯ ಪಟ್ಟಿಯಲ್ಲೇ ಕೊಲ್ಲಾಪುರಮ್ಮನ ಸಂಕಟ ಇರುವುದು. ದಾಖಲೆಯಿಲ್ಲದ ಇಂಥ ಸಾಲುಗಳಿಗೆ ಹಕ್ಕುಪತ್ರ ಕೊಡುತ್ತಾರೆ, ಮನೆಯಲ್ಲಿ ವಾಸ ಇರಬೇಕು ಎಂಬ ಸುದ್ದಿ ಕಳೆದ ವರ್ಷ ಬಂತು. ಅಳತೆಗೆ ಬರುವವರು ಒಲೆ ನೋಡುತ್ತಾರಂತೆ, ಅಂಗಳ ನೋಡುತ್ತಾರಂತೆ. ಅಂದಿನಿಂದ ಗುಡಿಸುವ ಕೆಲಸಕ್ಕೆ ರಂಗೋಲಿಯೂ ಸೇರಿತು. ದಿನಕ್ಕೊಂದು ಮನೆಯ ಒಲೆ ಹಚ್ಚಿ, ತಾವೊಬ್ಬರೇ ಅಲ್ಲಿ ಕೂತು ಮುದ್ದೆ ಉಣ್ಣತೊಡಗಿದರು. ಪಾಪ, ಆರು ಮನೆಯ ಊಟಕ್ಕೆ ಒಂದೇ ಹೊಟ್ಟೆ.

ಕಾರ್ತಿಕ ಮಾಸದಲ್ಲಿ ಫೋನು ಬಂತು. ಕೆಂಚಯ್ಯ ಕಾಂಗೇಯಂನಲ್ಲಿ ತೀರಿಕೊಂಡರು, ಮಣ್ಣೂ ಅಲ್ಲೇ ಆಯಿತು. ಕೊಲ್ಲಾಪುರಮ್ಮನಿಗೆ ಮುಖ ನೋಡಲೂ ಆಗಲಿಲ್ಲ. ದಾಯಾದಿಗಳ ಮನೆಯಲ್ಲಿ ಸಾವಾದರೆ ಹನ್ನೊಂದು ದಿನ ಸೂತಕ. ಏಳೂ ಮನೆಗೆ ಸೂತಕ. ಬಾಗಿಲಿಗೆ ನೀರಿಲ್ಲ, ರಂಗೋಲಿಯಿಲ್ಲ. ಬಕೆಟ್ಟು ಮೂಲೆ ಸೇರಿತು.

ನಾಲ್ಕನೆಯ ದಿನ ಕರಿಬಸವಯ್ಯ ಓಡಿ ಬಂದರು. "ನಾಳೆ ಅಳತೆಯೋರು ಬತ್ತವ್ರೆ ಕಣಮ್ಮ. ಒಂದು ದಿನ ರಂಗೋಲಿ ಇಟ್ಬುಡು, ಯಾರು ಕೇಳ್ತಾರೆ?" ಅವರು ಹೇಳಿದ್ದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಕೊಲ್ಲಾಪುರಮ್ಮ ರಾತ್ರಿಯೆಲ್ಲ ಯೋಚಿಸಿದರು, ಬೆಳಿಗ್ಗೆ ಬಕೆಟ್ಟು ಮುಟ್ಟಲಿಲ್ಲ.

"ನನ್ನ ಎತ್ತಿ ಆಡಿಸ್ದಂಗೆ ನೋಡ್ಕೊಂಡಿದ್ದ ಭಾವ. ಅಲ್ಲಿ ಅವನ ಮಣ್ಣು ಇನ್ನೂ ಹಸಿ ಐತೆ, ಇಲ್ಲಿ ನಾನು ಅವನ ಬಾಗಿಲಿಗೆ ರಂಗೋಲಿ ಇಡ್ಲಾ? ಕೈ ಬರಲಿಲ್ಲ ಕಣಪ್ಪ."

ಅಳತೆಯವರು ಬಂದರು. ಯಾರೂ ವಾಸ ಇಲ್ಲವೇನಮ್ಮ ಎಂದು ಕೇಳಿದರು. "ಸೂತಕ ಸ್ವಾಮಿ, ಅದಕ್ಕೇ ಹಿಂಗೈತೆ," ಎಂದರು ಇವರು. ಸತ್ತವರು ಯಾರು, ಎಲ್ಲಿ ಎಂದರು. ಸುಳ್ಳು ಹೇಳಿ ರೂಢಿಯಿಲ್ಲದ ಬಾಯಿ. "ನಮ್ಮ ಭಾವ. ಕಾಂಗೇಯಂನಾಗೆ," ಅಂದುಬಿಟ್ಟರು. ಬರೆಯುವವರಿಗೆ ಅಷ್ಟು ಸಾಕಾಯಿತು. ಆರು ಮನೆಯ ಮುಂದೆ 'ವಾಸವಿಲ್ಲ' ಎಂದು ಬಿತ್ತು.

ಕೊಲ್ಲಾಪುರಮ್ಮನದು ಮಾತ್ರ ಮಂಜೂರಾಗಿದೆ. ಹೋದ ತಿಂಗಳೇ ಹಕ್ಕುಪತ್ರ ಬಂದು ನಾಡಕಚೇರಿಯಲ್ಲಿ ಕೂತಿದೆ. ಈ ತಿಂಗಳೊಳಗೆ ಹೆಬ್ಬೆಟ್ಟು ಒತ್ತಿ ತೆಗೆದುಕೊಳ್ಳದಿದ್ದರೆ ಅದೂ ರದ್ದಂತೆ. ಆದರೂ ಪ್ರತಿ ಬುಧವಾರ ಕೂಲಿ ಬಿಟ್ಟು ಹೋಗುತ್ತಾರೆ, ಬರಿಗೈಯಲ್ಲಿ ಬರುತ್ತಾರೆ. ಏಕೆಂದು ತಿಳಿಯಲು ಈ ಬುಧವಾರ ನಾನೂ ಜೊತೆಗೆ ಹೋದೆ.

ಕಚೇರಿಯ ಅಧಿಕಾರಿ ಒಳ್ಳೆಯ ಮನುಷ್ಯ. ಕುರ್ಚಿ ಕೊಟ್ಟು, ಪತ್ರ ಮುಂದಿಟ್ಟು, ಇಂಕಿನ ಡಬ್ಬಿ ತೆರೆದರು. "ಇವತ್ತಾದರೂ ಒತ್ತಮ್ಮ, ತಿಂಗಳು ಮುಗಿಯೋಕೆ ಇನ್ನು ಎಂಟು ದಿನ." ಕೊಲ್ಲಾಪುರಮ್ಮ ಪತ್ರವನ್ನು ನನ್ನ ಕಡೆ ತಳ್ಳಿ, "ಚೆಕ್ಕುಬಂದಿ ಓದಪ್ಪ," ಎಂದರು. ಮನೆಯ ನಾಲ್ಕು ದಿಕ್ಕಿಗೆ ಏನೇನಿದೆ ಎಂದು ಬರೆಯುವ ಜಾಗ ಅದು. ಓದಿದೆ. ಪೂರ್ವಕ್ಕೆ ಸರ್ಕಾರಿ ಖಾಲಿ ಜಾಗ. ಪಶ್ಚಿಮಕ್ಕೆ ಸರ್ಕಾರಿ ಖಾಲಿ ಜಾಗ. ಉತ್ತರಕ್ಕೆ ತೋಟದ ಬೇಲಿ, ದಕ್ಷಿಣಕ್ಕೆ ದಾರಿ.

"ಖಾಲಿ ಜಾಗ ಅಂತೆ. ಇಪ್ಪತ್ತೈದು ವರ್ಸ ಒಲೆ ಹಚ್ಚಕ್ಕೆ ಬೆಂಕಿ ಕೇಳಿ ಈಸ್ಕೊಂಡ ಮನೆ ಕಣಪ್ಪ ಅವು."

ಮರು ಅಳತೆಗೆ ಮೇಲಿನಿಂದ ಆದೇಶ ಬರಬೇಕು, ಯಾವಾಗ ಬರುತ್ತದೋ ಗೊತ್ತಿಲ್ಲ, ಇರುವುದನ್ನಾದರೂ ಉಳಿಸಿಕೊಳ್ಳಿ ಎಂದು ಅಧಿಕಾರಿ ಬಿಡಿಸಿ ಹೇಳಿದರು. ನಾನೂ ಹೇಳಿದೆ. ಕೊಲ್ಲಾಪುರಮ್ಮ ಎಲ್ಲ ಕೇಳಿಸಿಕೊಂಡು ಎದ್ದು ನಿಂತರು.

"ಮುಂದಿನ ಬುಧವಾರ ಬತ್ತೀನಿ ಸ್ವಾಮಿ. ಪೂರ್ವಕ್ಕೆ ಕೆಂಚಯ್ಯನ ಮನೆ, ಪಶ್ಚಿಮಕ್ಕೆ ನಮ್ಮ ವಾರಗಿತ್ತಿ ರಾಮಲಕ್ಷ್ಮಮ್ಮನ ಮನೆ ಅಂತ ಬರ್ದಿಡಿ. ಹೆಬ್ಬೆಟ್ಟೇನು, ಹತ್ತೂ ಬೆಟ್ಟು ಒತ್ತುತೀನಿ. ಅವ್ರು ಯಾರೂ ಇಲ್ಲ ಅಂತ ಬರೆದಿರೋ ಕಾಗದದಾಗೆ ನಾನೊಬ್ಳೇ ಹೆಂಗಿರ್ಲಿ?"