ಗಂಗಾಧರಪ್ಪನವರ ಕೋಳಿಗೂಡು

ಗಂಗಾಧರಪ್ಪನವರ ವಿಷಯ ನನಗೆ ಮೊದಲು ಹೇಳಿದವಳು ಮೀನು ಮಾರುವ ಸೆಲ್ವಿ. ಬುಟ್ಟಿಯನ್ನು ನಮ್ಮ ಗೇಟಿನ ಹತ್ತಿರ ಇಳಿಸಿ, "ಅಮ್ಮಾ, ಹಿಂದಿನ ಬೀದಿಯಲ್ಲಿ ನಿಮ್ಮ ಕನ್ನಡದವರು ಒಬ್ಬರಿದ್ದಾರಲ್ಲ, ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ. ಅವರು ತಿರುವೊಟ್ಟಿಯೂರಿಂದ ಹಳೇ ಕೋಳಿಗೂಡು ತರಿಸಿದ್ದಾರೆ, ಕೋಳಿ ಸಮೇತ" ಎಂದು ತಮಿಳಿನಲ್ಲಿ ಹೇಳಿ ನಕ್ಕಳು. ನಮ್ಮ ಮಾಧವರಂನಲ್ಲಿ ಕೋಳಿ ಸಾಕುವುದು ದೊಡ್ಡದಲ್ಲ. ಲಿಂಗ ಕಟ್ಟಿದವರು ಸಾಕಿದ್ದು ದೊಡ್ಡದಾಯಿತು.

ಗಂಗಾಧರಪ್ಪನವರು ಇನ್ಶೂರೆನ್ಸ್ ಆಫೀಸಿನಿಂದ ರಿಟೈರ್ ಆದವರು. ಹೆಂಡತಿ ಇರಲಿಲ್ಲ. ಮಗಳು ಕೋಮಲಾ ಬ್ಯಾಂಕಿನಲ್ಲಿದ್ದಳು. ಟಿಬಿ ಬಂದು ರಜೆ ಹಾಕಿ ಮಾತ್ರೆ ನುಂಗುತ್ತಿದ್ದಳು. ಮೈ ತುಂಬಿಕೊಳ್ಳಬೇಕಾದರೆ ದಿನಾ ಮೊಟ್ಟೆ ಕೊಡಿ ಎಂದಿದ್ದರು ಡಾಕ್ಟರು. ಮೂಲೆ ಅಂಗಡಿಗೆ ಇವರ ವೀರಶೈವ ಸಂಘದವರೂ ಬರುತ್ತಿದ್ದರು. ಅಲ್ಲಿ ನಿಂತು ಮೊಟ್ಟೆ ಎನ್ನಲು ಇವರಿಗೆ ನಾಲಿಗೆ ಏಳಲಿಲ್ಲ. ಒಂದು ಮೊಟ್ಟೆ ಕೇಳಲಾರದೆ ಗೂಡನ್ನೇ ತಂದರು. ಕೇಳಿದವರಿಗೆ, ಹಿತ್ತಲಲ್ಲಿ ಜರಿಹುಳ ಹೆಚ್ಚು, ಅದಕ್ಕೆ ಕೋಳಿ ಎಂದರು. ಕೋಮಲಾ ಬಾಗಿಲು ಹಾಕಿಕೊಂಡು ತಿನ್ನುತ್ತಿದ್ದಳು.

ಮಳೆ ಮುಗಿಯುವಷ್ಟರಲ್ಲಿ ಗೂಡಿನ ತಳ ಕೊಳೆತು ಹೆಗ್ಗಣ ಕೊರೆಯಿತು. ಬಡಗಿಯನ್ನು ಕರೆಯಲು ನಾಚಿಕೆ. ಹಳೇ ಮಂಚದ ಹಲಗೆ ಕೊಯ್ದು, ಕೂದಲು ತೂರದ ಹಾಗೆ ಒತ್ತೊತ್ತಾಗಿ ತಾವೇ ಮೊಳೆ ಹೊಡೆದರು. ಸದ್ದಿಗೆ ನಾನು ಹೋಗಿ ನೋಡಿದರೆ, ಗೂಡಿನೊಳಗೆ ಕೈ ತೂರಿಸಿ ಸೆಗಣಿ ಸಾರಿಸುತ್ತಿದ್ದಾರೆ. ಸಾರಿಸಿದ ನೆಲ ಬೋಳಾಗಿರಬಾರದೆಂದು ಅಂಚಿಗೆ ರಂಗೋಲಿಯ ಎಳೆ ಬೇರೆ.

"ಇದೇನು ಗಂಗಾಧರಪ್ಪನೋರೆ, ಕೋಳಿಗಳಿಗೆ ಗೃಹಪ್ರವೇಶವಾ?" ಎಂದೆ.

"ಮುಟ್ಟಬಾರದ್ದು ಮುಟ್ಟಿದ್ದಾಯ್ತು ಅಕ್ಕಾವ್ರೆ. ಜಾಗವಾದ್ರೂ ಶುದ್ಧ ಇರ್ಲಿ" ಎಂದರು. ನಾನು ನಕ್ಕೆ. ಅವರು ನಗಲಿಲ್ಲ, ತಲೆ ಬಗ್ಗಿಸಿ ಸಾರಿಸುತ್ತಲೇ ಇದ್ದರು.

ಆ ಸೆಗಣಿ ಈ ಊರಿನ ಗಾಳಿಗೆ ಒಣಗಲೇ ಇಲ್ಲ. ಹಲಗೆಗಳ ನಡುವೆ ಸಂದಿಲ್ಲದ್ದರಿಂದ ಹಿಕ್ಕೆ ಕೆಳಗೆ ಬೀಳುವ ದಾರಿಯೂ ಇಲ್ಲ. ಒದ್ದೆಯಲ್ಲೇ ನಿಂತು ಕೋಳಿಗಳ ಕಾಲು ಬಾತವು, ಮೊಟ್ಟೆ ನಿಂತಿತು. ಕೊನೆಗೆ ಅವರೂ ನಾನೂ ಸೇರಿ ಹಲಗೆ ಕಿತ್ತು, ಬೆರಳು ತೂರುವಷ್ಟು ಸಂದು ಬಿಟ್ಟು ಬಿದಿರಿನ ದಬ್ಬೆ ಕಟ್ಟಿದೆವು. ಗೂಡು ಸರಿಹೋಯಿತು, ಕೋಳಿಗಳು ಮಾತ್ರ ಮೊಟ್ಟೆ ಇಡಲಿಲ್ಲ. ಕೋಮಲಾಳ ಕತ್ತಿನ ಎಲುಬು ಎದ್ದು ಕಾಣುತ್ತಿತ್ತು. ಹಿತ್ತಲಿಗೆ ನಡೆದು ಬಂದರೂ ಏದುಸಿರು.

"ಅಪ್ಪಾ, ಕಡೈಲ ವಾಂಗಿಕ್ಕಲಾಂ. ಯಾರೂ ಒಣ್ಣೂ ಸೊಲ್ಲಮಾಟ್ಟಾಂಗ" ಎಂದಳು ಅವಳು, ನನ್ನೆದುರಿಗೇ. ಅಂಗಡಿಯಲ್ಲಿ ಕೊಂಡರಾಯಿತು, ಯಾರೂ ಏನೂ ಅನ್ನುವುದಿಲ್ಲ ಎಂದು.

"ಅನ್ನೋದಿಲ್ಲ ಕಣಮ್ಮ. ನೋಡ್ತಾರೆ."

"ನಾನು ತಂದ್ಕೊಡ್ತೀನಿ ಬಿಡಿ, ನಮ್ಮನೇಲಿ ತಿನ್ನೋದೇ" ಎಂದೆ.

ಅವರು ದಬ್ಬೆಯ ಸಿಬಿರು ಕಿತ್ತರು. "ಬೇಡ ಅಕ್ಕಾವ್ರೆ. ಈಗ್ಲೇ ಅವ್ಳು ಕದ್ದು ತಿನ್ನೋಳ ಹಾಗೆ ಬಾಗ್ಲು ಹಾಕ್ಕೋತಾಳೆ. ನಾನೇ ಕಲಿಸ್ದೆ ಅದನ್ನ."

ಆ ವಾರವೇ ಬ್ಯಾಂಕಿನವರು ಅವಳನ್ನು ಬೇರೆ ಊರಿಗೆ ಹಾಕಿದರು, ತಂದೆ ಮಗಳು ಮನೆ ಖಾಲಿ ಮಾಡಿದರು. ಹಾಗಾಗಿ ಅವರು ನನ್ನನ್ನು ಕೇಳಿದ ಕೊನೆಯ ಮಾತೆಂದರೆ ದಬ್ಬೆ ಕಟ್ಟಿದ ಮಾರನೆಯ ಬೆಳಿಗ್ಗೆಯದೇ. ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ನಮ್ಮ ಗೇಟಿಗೆ ಬಂದಿದ್ದರು. ಮುಖ ಬೀದಿಯ ಕಡೆಗಿತ್ತು, ನನ್ನನ್ನು ನೋಡಲಿಲ್ಲ.

"ಅಂಗಡಿ ತನಕ ಬರ್ತೀರಾ ಅಕ್ಕಾವ್ರೆ? ಜೊತೇಲಿ ನಾನೂ ನಿಂತಿರ್ತೀನಿ. ಬಾಯ್ಬಿಟ್ಟು ಕೇಳೋದು ಮಾತ್ರ ನೀವು ಕೇಳಿ. ಚೀಲ ನಾನೇ ಹಿಡ್ಕೋತೀನಿ."