ಐದು ಮಂದಿಗೆ ಒಂದು ಶಾಲು

ಶಹಾಪುರದ ಆ ಜಿನ್ನಿಂಗ್ ಮಿಲ್ಲಿನಲ್ಲಿ ವರ್ಷಕ್ಕೊಮ್ಮೆ ಕಾರ್ಮಿಕರ ಸನ್ಮಾನ. ಸನ್ಮಾನಿತರು ಐವರು, ಶಾಲು ಒಂದೇ. ಹೊದಿಸುವುದು, ಫೋಟೊ, ಚಪ್ಪಾಳೆ. ವೇದಿಕೆಯ ಹಿಂದಿನ ಮೆಟ್ಟಿಲಿಳಿದರೆ ಸೂಪರ್‌ವೈಸರ್ ಬಸವಂತ ಶಾಲನ್ನು ಕಳಚಿಕೊಂಡು, ಮಡಚಿ, ಮುಂದಿನವರಿಗೆಂದು ಮೇಲೆ ಕಳಿಸುತ್ತಿದ್ದ. ಹಣ್ಣಿನ ಬುಟ್ಟಿಗೂ ಅದೇ ಪ್ರದಕ್ಷಿಣೆ. ಸನ್ಮಾನ ಅಲ್ಲಿ ಮಿಲ್ಲಿನ ಸಾಮಾನು, ಹೊರಗೆ ಒಯ್ಯುವಂತಿರಲಿಲ್ಲ.

ಇಪ್ಪತ್ತೊಂದು ವರ್ಷ ಹತ್ತಿಯ ಕಸ ಆರಿಸಿದ ಮದೀನಾಬೀಯ ಸರದಿ ಈ ಸಲದ ಐವರಲ್ಲಿ ಎರಡನೆಯದು. ಬೆಳಿಗ್ಗೆಯೇ ಮೊಮ್ಮಗಳು ನುಜ್ಹತಳಿಗೆ ಹೇಳಿ ಬಂದಿದ್ದಳು: ಶಾಲು ಹೊದ್ದೇ ಮನೆಗೆ ಬರುತ್ತೇನೆ.

ಮಾಲೀಕ ಭಗವಂತರಾಯರು ಶಾಲು ಹೊದಿಸಿ, ‘ಇವರು ನಮ್ಮ ಮಿಲ್ಲಿನ ತಾಯಿ’ ಎಂದರು. ತಾಯಿ ಫೋಟೊಕ್ಕೆ ನಿಂತಳು. ಬುಟ್ಟಿಯನ್ನು ಮೇಜಿನ ಮೇಲಿಟ್ಟು, ಹಿಂದಿನ ಮೆಟ್ಟಿಲು ಬಿಟ್ಟು ಮುಂದಿನದರಿಂದ ಇಳಿದು, ಮೊದಲ ಸಾಲಿನ ಕುರ್ಚಿಯಲ್ಲಿ ಕುಳಿತೇಬಿಟ್ಟಳು.

ಬಸವಂತ ಬಗ್ಗಿಕೊಂಡು ಓಡಿಬಂದ. ‘ಖಾಲಾ, ಶಾಲು ಕೊಡ್ರಿ. ತಿಮ್ಮಣ್ಣ ಕಾಯಾಕತ್ಯಾನ.’

‘ಕೊಟ್ಟಿದ್ದು ವಾಪಸ್ ಕೇಳ್ತಾರೇನೋ ಬೇಟಾ? ಬುಟ್ಟಿ ಅಲ್ಲೇ ಐತಿ, ತೊಗೊ.’

ವೇದಿಕೆಯ ಮೇಲೆ ತಿಮ್ಮಣ್ಣ ಕೈ ಮುಗಿದು, ಕುತ್ತಿಗೆ ಬಗ್ಗಿಸಿ, ಬಾರದ ಶಾಲಿಗಾಗಿ ನಿಂತೇ ಇದ್ದ. ಭಗವಂತರಾಯರಿಗೆ ವಿಷಯ ತಿಳಿಯಿತು. ಕೈಯಲ್ಲಿ ಮೈಕಿರುವುದು ಮರೆತುಹೋಯಿತು.

‘ನಾಳೆ ಕೆಲಸಕ್ಕ ಬರೂದು ಐತೊ ಇಲ್ಲೊ, ಮದೀನಾಬೀ?’

ಇಡೀ ಪೆಂಡಾಲು ಕೇಳಿಸಿಕೊಂಡಿತು. ಮದೀನಾಬೀ ಎದ್ದು ನಿಂತಳು. ಅವಳಿಗೆ ಮೈಕು ಬೇಕಾಗಲಿಲ್ಲ; ಮಿಷನ್ನಿನ ಸದ್ದಿನ ಮೇಲೆ ಮಾತಾಡಿ ಬೆಳೆದ ಗಂಟಲು.

‘ಬರ್ತೀನ್ರಿ. ಇದನ್ನ ಹೊದ್ಕೊಂಡೇ ಬರ್ತೀನಿ. ಈಗಷ್ಟೇ ತಾಯಿ ಅಂದ್ರಿ. ತಾಯಿ ಮೈಮ್ಯಾಲಿಂದ ಯಾರರ ಅರಿವಿ ಎಳೀತಾರೇನ್ರಿ?’

ಹೆಣ್ಣಾಳುಗಳ ಸಾಲಿನಲ್ಲಿ ನಗು ಸಿಡಿಯಿತು. ತಿಮ್ಮಣ್ಣ ನಿಧಾನವಾಗಿ ಕುತ್ತಿಗೆ ನೆಟ್ಟಗೆ ಮಾಡಿದ. ‘ನನಗೂ ಖಾಲಿ ಫೋಟೊ ಬ್ಯಾಡ್ರಿ ಸಾವ್ಕಾರ್ರೆ’ ಎಂದು ಇಳಿದುಬಂದು, ಅವಳ ಪಕ್ಕದ ಕುರ್ಚಿಯಲ್ಲಿ ಕುಳಿತ. ಉಳಿದಿಬ್ಬರು ಮೆಟ್ಟಿಲನ್ನೇ ಹತ್ತಲಿಲ್ಲ. ಅತಿಥಿಗಳು ಗಡಿಯಾರ ನೋಡಿದರು. ವಂದನಾರ್ಪಣೆಯಿಲ್ಲದೆ ಸಮಾರಂಭ ತಾನಾಗಿಯೇ ಮುಗಿಯಿತು.

ಮರುದಿನ ಮದೀನಾಬೀ ಹೇಳಿದಂತೆಯೇ ಬಂದಳು. ಗೇಟಿನಲ್ಲಿ ನಿಂತಿದ್ದ ಬಸವಂತ ಅವಳನ್ನು ತಡೆಯಲಿಲ್ಲ. ಅತ್ತಿತ್ತ ನೋಡಿ, ದನಿ ತಗ್ಗಿಸಿದ.

‘ಸಾವ್ಕಾರ್ರು ನನ್ನ ಸುರಪುರಕ್ಕ ಕಳಿಸಾಕತ್ಯಾರ, ಖಾಲಾ. ಇನ್ನ ನಾಕು ಶಾಲು ತರಬೇಕಂತ.’

‘ನಾಕು?’ ಮದೀನಾಬೀ ಶಾಲಿನ ಸೆರಗನ್ನು ಬಿಗಿಯಾಗಿ ಸುತ್ತಿಕೊಂಡಳು. ‘ಹೋದ ವರ್ಷ ನಿನ್ನ ಕೈಯಾಗ ಬಿಚ್ಚಿ ಕೊಟ್ಟವರು ಐದು ಮಂದಿ ಅದಾರ. ಅದರ ಹಿಂದಿನ ವರ್ಷದವ್ರು ಐದು. ದೊಡ್ಡ ಚೀಲ ಒಯ್ಯಿ, ಬೇಟಾ.’